ಕಾಗೆ ಇಳಿಯದ ಎಡೆ

ನಮ್ಮಪ್ಪ ಮರಿಸಿದ್ದಯ್ಯನಿಗೆ ಇದ್ದದ್ದು ಒಬ್ಬನೇ ಸ್ನೇಹಿತ, ಗೌಡರ ಕೇರಿಯ ಕರಿಯಪ್ಪ. ನನಗೆ ಆತನನ್ನು ಕಂಡರೆ ಮೈ ಉರಿಯುತ್ತಿತ್ತು. ಹಲಗೂರು ಸಂತೆಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿಬರುವರು. ಅಪ್ಪನಿಗೆ ಹಾವು ಕಚ್ಚಿದಾಗ ಪಂಚೆಯಿಂದ ತನ್ನ ಬೆನ್ನಿಗೆ ಕಟ್ಟಿಕೊಂಡು ಅದೇ ಬೈಕಿನಲ್ಲಿ ಮಳವಳ್ಳಿ ಆಸ್ಪತ್ರೆಗೆ ಸೇರಿಸಿದವನೂ ಅವನೇ. ಆವತ್ತು ಮೈಲಿಗೆ ಎಲ್ಲಿ ಹೋಗಿತ್ತೋ! ನಮ್ಮ ಕೇರಿಯ ನೀರನ್ನು ಮಾತ್ರ ಆತ ಎಂದೂ ಕುಡಿದವನಲ್ಲ.

“ನೀನು ಒಳ್ಳೇವ್ನೇ ಕಣ್ಲಾ, ನಿನ್ ಜನ ಸರಿ ಇಲ್ಲ,” ಎಂದು ಅಪ್ಪನ ಮುಖಕ್ಕೇ ಹೇಳುತ್ತಿದ್ದ. ಅಪ್ಪ ನಗುತ್ತಿದ್ದ. ನಾವು ಹೊಸ ಮನೆಗೆ ಒಕ್ಕಲಾದ ದಿನ ಎಲ್ಲರ ಊಟ ಮುಗಿದ ಮೇಲೂ ಅಪ್ಪ ಕರಿಯಪ್ಪನಿಗೆಂದು ಪಕ್ಕದಲ್ಲಿ ಒಂದು ಎಲೆ ಹಾಕಿಸಿ ಕಾದ. ಆತ ಬಂದ, ಬೀದಿಯಲ್ಲೇ ನಿಂತು ಬೆಲ್ಲದ ಬುಟ್ಟಿ ಕೊಟ್ಟು ಹೊರಟುಹೋದ. ಅಪ್ಪ ಆ ದಿನ ಉಣ್ಣಲಿಲ್ಲ.

ಹೋದ ಮಾಘದಲ್ಲಿ ಕರಿಯಪ್ಪ ತೀರಿಕೊಂಡ. ತಿಥಿಯ ದಿನ ಹೊಲದಲ್ಲಿ, ಸಮಾಧಿಯ ಮುಂದೆ ಎಡೆ ಇಟ್ಟರು. ಕಾಗೆ ಮುಟ್ಟಿದರೆ ಸತ್ತವನಿಗೆ ಯಾವ ಕೊರಗೂ ಉಳಿದಿಲ್ಲ ಎಂದು ನಂಬಿಕೆ. ಹೊಂಗೆಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ, ಒಂದೂ ಕೂಗಲಿಲ್ಲ. ಎಲ್ಲವೂ ಒಂದೇ ಕಡೆ ನೋಡುತ್ತ ಕೂತಿದ್ದವು, ಬೇಲಿಯ ಹೊರಗೆ ನನ್ನ ಜೊತೆ ನಿಂತಿದ್ದ ನಮ್ಮಪ್ಪನ ಕಡೆ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಆದರೂ ನನ್ನ ಬೆನ್ನು ತಣ್ಣಗಾಯಿತು.

“ಅವ್ವನ್ನ ಚೆನ್ನಾಗ್ ನೋಡ್ಕತೀನಿ ಕಣಪ್ಪ,” ಎಂದ ಕರಿಯಪ್ಪನ ಮಗ ಶಶಿಧರ್, ಸಮಾಧಿಗೆ ಕೈಮುಗಿದು. ತಂಗಿಯ ಮದುವೆ ಮಾಡುತ್ತೇನೆ ಎಂದೂ ಮಾತು ಕೊಟ್ಟ. ಎಡೆಯ ಎಲೆ ಬಿಸಿಲಿಗೆ ಬಾಡಿತು. ಮರದಲ್ಲಿ ರೆಕ್ಕೆ ಬಡಿದ ಸದ್ದೂ ಇಲ್ಲ. ಕೊನೆಗೆ ಕರಿಯಪ್ಪನ ಹೆಂಡತಿ ಚಲುವಮ್ಮ ಬೇಲಿಯ ಹತ್ತಿರ ಬಂದಳು.

“ನಿನ್ನೇ ನೋಡ್ತಾವೆ ಕಣಪ್ಪ, ಮರಿಸಿದ್ದಯ್ಯ. ಏನಾರ ಒಂದ್ ಮಾತು ಯೋಳು.”

ಅಪ್ಪ ನಿಂತಲ್ಲಿಂದಲೇ ಸಮಾಧಿಯ ಕಡೆ ತಿರುಗಿದ.

“ಕರಿಯಪ್ಪಣ್ಣ, ನೀನು ನಮ್ಮನೆ ಒಳೀಕೆ ಬರ್ನಿಲ್ಲ ಅಂತ ನಂಗೇನೂ ಬ್ಯಾಸ್ರ ಇಲ್ಲ. ಉಣ್ಣು.”

ಮರ ಒಮ್ಮೆಲೇ ಬರಿದಾಯಿತು. ಕಾಗೆಗಳು ಸದ್ದಿಲ್ಲದೆ ಎಡೆಯ ಮೇಲೆ ಮುಗಿಬಿದ್ದವು. ಹೆಂಗಸರು ಅತ್ತರು, ಗಂಡಸರು ಕೈಮುಗಿದರು. ಅಪ್ಪನನ್ನು ಬೇಲಿಯ ಒಳಗೆ ಯಾರೂ ಕರೆಯಲಿಲ್ಲ.

ಮನೆ ಹತ್ತಿರವಾದಾಗ ಅಪ್ಪ ನನ್ನ ಕೈ ಹಿಡಿದುಕೊಂಡ.

“ಸುಳ್ಳು ಯೋಳ್ದೆ ಕಣವ್ವ,” ಎಂದ. “ಸತ್ ಮ್ಯಾಲೂ ಅವನ್ಗೆ ಗೊತ್ತಾಗ್ನಿಲ್ಲ ನೋಡು.”