ಚೀಟಿಯಲ್ಲಿದ್ದವಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನವ್ವ ಹೇಳಿದ್ದು ಒಂದೇ. ಮೂವತ್ತು ವರ್ಷ ಅದನ್ನು ಹೊತ್ತವಳು ನಾನು.

ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಮೂರ್ಛೆ ಬರಲು ಶುರುವಾಯಿತು. ನಮ್ಮ ಹೊಂಗನೂರಿಗೆ ಚನ್ನಪಟ್ಟಣ ಹತ್ತಿರ, ಆದರೆ ಅಲ್ಲಿ ಎಲ್ಲರೂ ಗುರುತಿನವರು. ಅವ್ವ ನನ್ನನ್ನು ಎರಡು ಬಸ್ಸು ಹತ್ತಿಸಿ ಕನಕಪುರದ ಡಾಕ್ಟರ ಹತ್ತಿರ ಕರೆದೊಯ್ದು, ಚೀಟಿಗೆ ತೀರಿಹೋದ ತನ್ನ ತಂಗಿಯ ಹೆಸರು ಬರೆಸಿದಳು. ಸತ್ತವಳನ್ನು ಯಾರು ಹೆಣ್ಣು ನೋಡಲು ಬರುತ್ತಾರೆ! ಮದುವೆಯಾಯಿತು, ಮುಂದೆ ಅವ್ವನೂ ಹೋದಳು. ಚೀಟಿಯ ಹೆಸರು ಮಾತ್ರ ಹಾಗೇ ಉಳಿಯಿತು. ನಾನು ದಿನಾ ನುಂಗುತ್ತಿದ್ದದ್ದು ನನ್ನ ಗಂಡ, ಮಗಳ ಲೆಕ್ಕದಲ್ಲಿ ತಲೆನೋವಿನ ಮಾತ್ರೆ.

ಹೋದ ವರ್ಷ ಮಗಳ ಬಾಣಂತನಕ್ಕೆಂದು ಆರು ತಿಂಗಳಿಗೆ ಮಸ್ಕತ್ತಿಗೆ ಹೊರಟು ನಿಂತೆ.

"ಅವ್ವಾ, ಇಲ್ಲಿಗೆ ಯಾವ್ ಮಾತ್ರೆ ತರಕ್ಕೂ ಡಾಕ್ಟ್ರು ಕಾಗ್ದ ಬೇಕಂತೆ. ಪಾಸ್‌ಪೋರ್ಟಲ್ಲಿರೋ ಹೆಸ್ರೇ ಇರ್ಬೇಕಂತೆ," ಅಂದಳು ಮಗಳು ಫೋನಿನಲ್ಲಿ.

ಅಂದಿನಿಂದ ಅನ್ನ ಸೇರಲಿಲ್ಲ. ಎರಡು ದಿನ ಮಾತ್ರೆ ತಪ್ಪಿದರೆ ನಾನು ಬೀಳುತ್ತೇನೆ; ಬೀಳುವಾಗ ಕೈಯಲ್ಲಿ ಮೊಮ್ಮಗು ಇದ್ದರೆ?

ಡಾಕ್ಟರ ಮುಂದೆ ಕೂತು ನಿಜ ಹೇಳಿದೆ. ಅವರು ಕನ್ನಡಕ ತೆಗೆದರು. "ಅಲ್ಲಮ್ಮಾ, ಹಂಗಾದ್ರೆ ಇಷ್ಟ್ ವರ್ಸ ನಾನು ಯಾರಿಗೆ ಔಷ್ದಿ ಕೊಟ್ಟೆ?"

"ತಪ್ಪಾಯ್ತು ಸಾ. ಕಾಯ್ಲೆ ಹೆಸ್ರೊಂದು ಬುಟ್ಟು ಬರ್ಕೊಡಿ."

"ಅದನ್ನ ಬುಟ್ಬುಟ್ರೆ ಕಾಗ್ದ ಯಾಕಮ್ಮಾ?"

ಬರೆದರು: ನನ್ನ ಹೆಸರು, ಅದರ ಕೆಳಗೇ ನನ್ನ ಕಾಯಿಲೆ. ಎರಡನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ನಾಚಿಕೆಯಾಯಿತು, ಅವ್ವನ ಮೇಲೆ ಸಿಟ್ಟೂ ಬಂತು.

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಾಗದ ಓದಿ, ಪಾಸ್‌ಪೋರ್ಟ್ ನೋಡಿ, ಹೋಗಿ ಎಂದು ಕೈಯಾಡಿಸಿದ. ಇಷ್ಟೇನಾ! ಯಾರೋ ಪರದೇಶದವನಿಗೆ ಗೊತ್ತಾದದ್ದು ಮನೆಯವರಿಗೂ ಗೊತ್ತಾಗಲಿ ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಮನೆ ಸೇರಿ, ಇಬ್ಬರೇ ಇದ್ದಾಗ, ಕಾಗದವನ್ನು ಮಗಳ ಕೈಗಿಟ್ಟೆ. ಓದಿದಳು. ಅಳುತ್ತಾಳೆ ಅಂದುಕೊಂಡೆ, ಇಷ್ಟು ದಿನ ಮುಚ್ಚಿಟ್ಟೆಯಲ್ಲ ಎಂದು ಬಯ್ಯುತ್ತಾಳೆ ಅಂದುಕೊಂಡೆ. ಅವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದಳು. ಕಾಗದವನ್ನು ಸಣ್ಣಗೆ ಮಡಚಿ ನನ್ನ ಕೈಯಲ್ಲಿಟ್ಟು, ಮಲಗಿದ್ದ ಕೂಸಿನ ಕಡೆ ನೋಡಿದಳು.

"ನಮ್ಮತ್ತೆ ಕಡೆಯೋರ್ಗೆ ಒಂದ್ ಮಾತೂ ಹೇಳ್ಬ್ಯಾಡ ಕಣವ್ವ. ಹೆಣ್ಮಗು."

ನಾನು ಹೂಂ ಅಂದುಬಿಟ್ಟೆ.