ಅಣ್ಣನ ವಿಳಾಸ ಕೊಟ್ಟವಳು

ಗ್ರಂಥಾಲಯದ ಚೀಟಿಯ ಹಿಂಬದಿಯಲ್ಲಿ, ಹಸಿರು ಶಾಯಿಯಲ್ಲಿ, ಅಣ್ಣನ ಹೆಸರನ್ನೂ ಅವನು ದುಡಿಯುತ್ತಿದ್ದ ಪೀಣ್ಯದ ಲೇತ್ ಶೆಡ್ಡಿನ ವಿಳಾಸವನ್ನೂ ಬರೆದುಕೊಟ್ಟವಳು ನಾನು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಗಡಿಯಲ್ಲಿ ಸೈನ್ಯ ನಿಂತು, ಇಂದೋ ನಾಳೆಯೋ ಯುದ್ಧ ಎನ್ನುತ್ತಿದ್ದ ವರ್ಷ. ನಾನು ಎಂ.ಎ. ಓದುತ್ತಿದ್ದೆ. ಅಪ್ಪ ಇದ್ದ ಸರ್ಕಾರಿ ಕಾರ್ಖಾನೆಯಲ್ಲೇ ಅಣ್ಣನೂ ಇದ್ದ — ಹಿತ್ತಾಳೆ ಚೂರು ಕದ್ದು ಗೇಟಿನಲ್ಲಿ ಸಿಕ್ಕಿಬೀಳುವವರೆಗೆ. ಅಪ್ಪ ಅವನನ್ನು ಮನೆಯಿಂದ ಹೊರಹಾಕಿದರು. ನನಗೆ ಕೂಡಿಬಂದಿದ್ದ ಸಂಬಂಧ ಮುರಿಯಿತು. ಆ ಸಿಟ್ಟು ನನ್ನಲ್ಲಿ — ಬರೀ ಸಿಟ್ಟೆಂದರೆ ಸಾಕೇ?

ಕಾರ್ಮಿಕರ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಗ್ರಂಥಾಲಯದಲ್ಲಿ ಪರಿಚಯವಾದವನೊಬ್ಬ ನನ್ನ ಮಾತನ್ನು ಬಹಳ ಗಮನವಿಟ್ಟು ಕೇಳುತ್ತಿದ್ದ. ಅವನಿಗೆ ಹೇಳಿದೆ: “ನಮ್ಮಣ್ಣ ಕಳ್ಳ. ಆಸೆ ತೋರಿಸಿದ್ರೆ ಏನ್ ಬೇಕಾದ್ರೂ ಕೊಡ್ತಾನೆ.”

ಅದೇ ಮನುಷ್ಯ ಕಾರ್ಖಾನೆಯ ತಪಾಸಣಾಧಿಕಾರಿಯ ವೇಷದಲ್ಲಿ ಶೆಡ್ಡಿಗೆ ಹೋದ. ಅಲ್ಲಿ ಆ ಕಾರ್ಖಾನೆಗಾಗಿ ಫಿರಂಗಿಯ ಬಿಡಿಭಾಗ ತಯಾರಾಗುತ್ತಿತ್ತು. ನಕ್ಷೆ ಕೊಟ್ಟರೆ ಹಳೆಯ ಕೆಲಸ ವಾಪಸ್ ಕೊಡಿಸುತ್ತೇನೆಂದ. ಒಂದು ಭಾಗವನ್ನು ಅಳೆದು, ಮೈಕ್ರೋಮೀಟರಿನ ಬಾಯನ್ನು ಬಿಗಿಯಾಗಿ ಮುಚ್ಚಿ ಪೆಟ್ಟಿಗೆಯಲ್ಲಿಟ್ಟ. ಅಳತೆಯ ಕೆಲಸ ಬಲ್ಲವರು ಸಣ್ಣ ಸಂದು ಬಿಟ್ಟೇ ಇಡುತ್ತಾರೆ. ಇವನು ತಪಾಸಣೆಯವನಲ್ಲವೆಂದು ತಿಳಿಯಲು ಅಣ್ಣನಿಗೆ ಅಷ್ಟು ಸಾಕಾಯಿತು.

“ನಾಳೆ ಬನ್ನಿ ಸಾರ್, ಪೂರ್ತಿ ಸೆಟ್ ಕೊಡ್ತೀನಿ. ನಿಮ್ಮ ಸಾಹೇಬ್ರನ್ನೂ ಕರ್ಕೊಂಡ್ ಬನ್ನಿ, ಕೆಲ್ಸ ಕೊಡ್ತೀನಿ ಅಂತ ಅವ್ರೇ ಹೇಳ್ಲಿ” ಎಂದನಂತೆ. ಇಬ್ಬರೂ ಬಂದರು. ಅಣ್ಣ ರದ್ದಾದ ಹಳೆಯ ನಕ್ಷೆಯನ್ನು ಕೈಗಿಟ್ಟ. ಬಾಗಿಲ ಹಿಂದೆ ಪೊಲೀಸರಿದ್ದರು.

ಆ ಸಂಜೆ ಅಪ್ಪ ತಾವೇ ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಗೆ ಹೋಗಿ ಅವನನ್ನು ಕರೆತಂದು, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡರು.

“ಅಷ್ಟು ಜನ ಇರೋವಾಗ ನಿನ್ನನ್ನೇ ಹೆಂಗ್ ಹುಡುಕಿದ್ರೋ?”

“ಕಳ್ಳನ ಅಡ್ರೆಸ್ ಯಾರನ್ನ ಕೇಳಿದ್ರೂ ಸಿಗುತ್ತಪ್ಪ” ಎಂದು ಅಣ್ಣ ನಕ್ಕ.

ಕೈ ತೊಳೆಯುವಾಗ ನನ್ನೊಬ್ಬಳಿಗೇ ಕೇಳುವಂತೆ ಹೇಳಿದ: “ನೀನು ಅಂದಿದ್ದನ್ನ ಹಂಗೇ ಹೇಳ್ದ ಕಣೇ ಅವ್ನು. ಬೇರೆ ಯಾರಾದ್ರೂ ಅಂದಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ.”

ಆ ಮನುಷ್ಯ ನನಗೆ ಮಾಡಿದ ಮೋಸವೇ ದೊಡ್ಡದೆಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ —

ಸಿಕ್ಕಿಬಿದ್ದ ಇಬ್ಬರೂ ಪೊಲೀಸರೆದುರು ಬಾಯಿ ಬಿಟ್ಟಿರಲಿಲ್ಲ. ಅಣ್ಣನ ವಿಳಾಸ ಅವರಿಗೆ ಹೇಗೆ ಸಿಕ್ಕಿತೆಂದು ತಿಳಿಯದ ಹೊರತು, ಅವನೇ ಮೊದಲು ಅವರೊಡನೆ ಸೇರಿದ್ದನೆಂಬ ಅನುಮಾನ ಹೋಗುವಂತಿರಲಿಲ್ಲ. ಅನುಮಾನವಿರುವವರೆಗೆ ಕಾರ್ಖಾನೆ ಅವನನ್ನು ಸೇರಿಸಿಕೊಳ್ಳುವಂತಿರಲಿಲ್ಲ — ಇಂದಿಗೂ ಸೇರಿಸಿಕೊಂಡಿಲ್ಲ. ನನ್ನ ಒಂದು ವಾಕ್ಯ ಸಾಕಿತ್ತು. ಅಣ್ಣ ನನ್ನ ಹೆಸರೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸ್ ಅಧಿಕಾರಿಯೊಬ್ಬರು ಮನೆಗೆ ಬಂದು, ಆ ಮನುಷ್ಯನ ಫೋಟೋವನ್ನು ಎಲ್ಲರಿಗೂ ತೋರಿಸುತ್ತಾ ನನ್ನ ಮುಂದೆಯೂ ಇಟ್ಟರು.

“ಇವನ್ನ ಎಲ್ಲಾದ್ರೂ ನೋಡಿದ್ದೀರಾ ಮೇಡಂ?”

ಅಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ಫೋಟೋವನ್ನು ಬೇಕಾದಷ್ಟು ಹೊತ್ತು ನೋಡಿ, ಇಲ್ಲ ಎಂದೆ.