ಎಡಗೈ ಕತ್ತರಿ

ಕುರಿ ಕತ್ತರಿಸುತ್ತೇನೆ ಎಂದರೆ ಪೇಟೆಯವರು ಕೆಜಿಗೆ ಎಷ್ಟು ಎಂದು ಕೇಳುತ್ತಾರೆ. ನಾನು ಕತ್ತರಿಸುವುದು ಉಣ್ಣೆ ಮಾತ್ರ ಸ್ವಾಮಿ, ಕುರಿ ಎದ್ದು ಮೇಯಲು ಹೋಗುತ್ತದೆ. ಕೊಟ್ಟೂರಿನಿಂದ ಚಿಗಟೇರಿವರೆಗೆ ಹಟ್ಟಿ ಹಟ್ಟಿ ತಿರುಗಿ ವರ್ಷಕ್ಕೆ ಎರಡು ಸಲ ಈ ಕೆಲಸ ಮಾಡಿಕೊಂಡು ಬಂದವನು. ನನ್ನ ಕತ್ತರಿ ಹಾದ ಮೈಮೇಲೆ ಒಂದೇ ಒಂದು ಗೀರು ತೋರಿಸಿ ನೋಡೋಣ ಎನ್ನುವಷ್ಟು ಸೊಕ್ಕು ನನಗಿತ್ತು. ಈಗಲೂ ಇದೆ, ಮುಚ್ಚಿಡುವುದೇಕೆ.

ಒಂದು ಬೇಸಿಗೆಯಲ್ಲಿ ಟಗರೊಂದು ಕೊಸರಿಕೊಂಡು ಎದ್ದ ರಭಸಕ್ಕೆ ನಾನು ಕಲ್ಲಿನ ಮೇಲೆ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕಟ್ಟುವವರು ಬಿದಿರು ದಬ್ಬೆ ಬಿಗಿದು, ಆರು ವಾರ ಬಿಚ್ಚಬೇಡ ಎಂದರು. ಆದರೆ ಮೃಗಶಿರ ಮಳೆಗೆ ಮೊದಲು ಉಣ್ಣೆ ಇಳಿಸಬೇಕು, ತೊಯ್ದ ಉಣ್ಣೆಯಲ್ಲಿ ಕತ್ತರಿ ಆಡುವುದಿಲ್ಲ. ನನಗೆ ರಜೆ ಕೊಡುವ ಸಾಹೇಬನಿಲ್ಲ. ಹಟ್ಟಿಯವರು ಒಂದು ಸಲ ಬೇರೆಯವನನ್ನು ಕರೆದರೆ ಆ ಹಟ್ಟಿ ಕೈಬಿಟ್ಟಿತು ಅಂತಲೇ ಲೆಕ್ಕ. ಮೂರನೇ ವಾರಕ್ಕೆ ದಬ್ಬೆ ಬಿಚ್ಚಿ ಎಸೆದು ಹಿರೇಹಡಗಲಿ ಕಡೆ ಹೋದೆ. ಹನ್ನೆರಡನೇ ಕುರಿಗೆ ಕೈ ಸೆಟೆದುಕೊಂಡಿತು. ಮೂಳೆ ಸೊಟ್ಟಗೆ ಕೂಡಿತು. ಹೆಬ್ಬೆರಳು ಊಟದ ತುತ್ತಿಗೆ ಬಂತು, ಕತ್ತರಿಗೆ ಬರಲಿಲ್ಲ.

ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಹೆಂಡತಿ ಎಷ್ಟು ದಿನ ಸಹಿಸಿಯಾಳು?

“ಎಡಗೈ ಏನ್ ಬರೇ ಚೊಂಬು ಹಿಡಿಯಾಕ ಐತೇನು ನಿನಗ?” ಅಂದಳು.

ಸಿಟ್ಟು ಬಂತು. ಆದರೂ ಮರುದಿನ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡೆ. ಉಣ್ಣೆ ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತೇ ಹೊರತು ತುಂಡಾಗುತ್ತಿರಲಿಲ್ಲ. ನಮ್ಮ ಮನೆಯ ಎರಡು ಕುರಿಗಳು ಇಲಿ ಕಡಿದ ಕಂಬಳಿಯ ಹಾಗಾದವು. ತಿಂಗಳುಗಟ್ಟಲೆ ನನ್ನ ಕೈಯನ್ನು ನಾನೇ ಬೈದುಕೊಂಡೆ. ಕೊನೆಗೆ ಸಾಣೆ ಹಿಡಿಸಲು ಹೋದಾಗ, ನಾನು ಕತ್ತರಿ ಹಿಡಿದ ರೀತಿ ನೋಡಿ ಕೊಟ್ಟೂರಿನ ಕಮ್ಮಾರ ನಕ್ಕ.

“ಕೈಯಾಗ ಏನೂ ತಪ್ಪಿಲ್ಲಪ. ಇದು ಬಲಗೈಗೆ ಮಾಡಿದ್ದು. ಎಡಗೈಲೆ ಒತ್ತಿದ್ರ ಅಲಗು ಒಂದನ್ನೊಂದು ಬಿಟ್ಟು ಸರೀತಾವ. ಎಡಗೈಗಾದ್ರ ಮ್ಯಾಲಿನ ಅಲಗು ಕೆಳಗ ಬರಬೇಕು.”

ಇಪ್ಪತ್ತು ವರ್ಷ ಕತ್ತರಿ ಹಿಡಿದವನಿಗೆ ಇಷ್ಟು ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಅವನು ಅಲಗು ಅದಲುಬದಲು ಮಾಡಿ ಹೊಸ ಕತ್ತರಿ ಬಡಿದುಕೊಟ್ಟ. ದೀಪಾವಳಿ ಹೊತ್ತಿಗೆ ಉಣ್ಣೆ ಪದರ ಪದರವಾಗಿ ಉರುಳತೊಡಗಿತು.

ನಾನು ಹೋಗುವ ಹಟ್ಟಿಗಳಲ್ಲಿ ದೊಡ್ಡದು ಇದ್ದದ್ದು ಚಿಗಟೇರಿ ಹತ್ತಿರ. ಅದು ಹೋದರೆ ಉಳಿದವೂ ಹೋದವೆಂದೇ ಅರ್ಥ. ಹೊಸ ಕತ್ತರಿ ಹಿಡಿದು ಮೊದಲು ಅಲ್ಲಿಗೇ ಹೋದೆ. ಹಟ್ಟಿಯ ಯಜಮಾನರಾದ ಹಿರಿಯರು ನನ್ನ ಸೊಟ್ಟ ಮಣಿಕಟ್ಟು ನೋಡಿ, “ಬ್ಯಾರೆಯವಗ ಹೇಳೀನಿ, ನಾಳಿ ಬರ್ತಾನ” ಅಂದರು.

“ಒಂದು ಕುರಿ ಕೊಡ್ರಿ. ಗೀರು ಬಿದ್ರ ನಾನ ಎದ್ದು ಹೋಗ್ತೀನಿ.”

ಅವರ ಮಗ ಕುರಿಯೊಂದನ್ನು ತಂದು ಎಡ ಮಗ್ಗುಲಿಗೆ ಕೆಡವಿ ಕಾಲು ಕಟ್ಟಿದ. ಅಜ್ಜನ ಕಾಲದಿಂದ ಆ ಹಟ್ಟಿಯಲ್ಲಿ ಕೆಡವುತ್ತಿದ್ದದ್ದೇ ಹಾಗೆ. ಎಡಗೈಗೆ ಅದು ಒಗ್ಗುವುದಿಲ್ಲ. ನಾನೇ ಕುರಿಯನ್ನು ಮಗುಚಿ ಬಲ ಮಗ್ಗುಲಿಗೆ ಹಾಕಿದಾಗ ಗಂಡಸರೆಲ್ಲ ಮುಸಿಮುಸಿ ನಕ್ಕರು. ನಗಲಿ ಎಂದು ಕತ್ತರಿ ಆಡಿಸಿದೆ. ಉಣ್ಣೆ ಪೂರ್ತಿ ಇಳಿಸಿ ಕತ್ತರಿ ಕೆಳಗಿಟ್ಟೆ.

ಹಿರಿಯರು ಕೂತು ಕುರಿಯ ಬೆನ್ನು, ಹೊಟ್ಟೆ, ತೊಡೆಯ ಸಂದಿಯನ್ನೆಲ್ಲ ಅಂಗೈಯಿಂದ ಸವರಿದರು. ಎರಡನೇ ಸಲವೂ ಸವರಿದರು. ಹೊಗಳಲಿಲ್ಲ, ಹೊಗಳುವ ಜಾತಿಯ ಮನುಷ್ಯರಲ್ಲ ಅವರು. ಎದ್ದು ಮಕ್ಕಳ ಕಡೆ ತಿರುಗಿದರು.

“ಇನ್ನ ಎಲ್ಲಾ ಕುರಿ ಬಲ ಮಗ್ಗಲಿಗೆ ಕೆಡವ್ರಲೇ.”

ಗೆದ್ದೆ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ. ಸಂಜೆವರೆಗೆ ಒಂದಾದ ಮೇಲೊಂದು ಬಲ ಮಗ್ಗುಲಿಗೇ ಕೆಡವಿದರು. ನಾನು ತಲೆ ಎತ್ತದೆ ಕತ್ತರಿಸಿದೆ.